ಕೈಯಿಂದ ಕೈಗೆ ಬಂದ ಕಛೇರಿ

1977ರ ಮೇ 8, ಭಾನುವಾರ. ನ್ಯೂಯಾರ್ಕ್ ರಾಜ್ಯದ ಇಥಾಕಾ ಊರಿನ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಬಾರ್ಟನ್ ಹಾಲ್ ಎಂಬ ಕಟ್ಟಡವಿದೆ. ವಿದ್ಯಾರ್ಥಿಗಳಿಗೆ ಸೈನಿಕ ಕವಾಯತು ಕಲಿಸಲೆಂದು ಶತಮಾನದ ಹಿಂದೆ ಕಟ್ಟಿದ್ದು. ಕಲ್ಲಿನ ಗೋಡೆ, ಬಲು ಎತ್ತರದ ಸೂರು. ಸಂಗೀತಕ್ಕೆಂದು ಹುಟ್ಟಿದ ಜಾಗವಲ್ಲ. ಆ ಭಾನುವಾರ ರಾತ್ರಿ ಅಲ್ಲಿ ಕ್ಯಾಲಿಫೋರ್ನಿಯಾದ ರಾಕ್ ತಂಡ ಗ್ರೇಟ್‌ಫುಲ್ ಡೆಡ್ ನುಡಿಸಿತು. ಕಛೇರಿ ಮುಗಿಸಿ ಜನ ಹೊರಗೆ ಬಂದರೆ, ಮೇ ತಿಂಗಳಲ್ಲಿ, ಹಿಮ ಬೀಳುತ್ತಿತ್ತು.

ಒಳಗೆ ಆ ಹೊತ್ತು ಎರಡು ಬಗೆಯ ಯಂತ್ರಗಳು ಓಡಿದ್ದವು. ಒಂದು, ತಂಡದ ಧ್ವನಿಮುದ್ರಕಿ ಬೆಟ್ಟಿ ಕ್ಯಾಂಟರ್-ಜಾಕ್ಸನ್ ಅವರ ನಾಗ್ರಾ ರೀಲು ಯಂತ್ರ. ವೇದಿಕೆಯ ಮೈಕುಗಳಿಂದ ಬಂದ ಸದ್ದನ್ನು ಆಕೆ ಕಿವಿಯಿಂದಲೇ ತೂಗಿ, ಹದ ಮಾಡಿ, ನೇರವಾಗಿ ಸುರುಳಿಗೆ ಇಳಿಸುತ್ತಿದ್ದರು. ಇನ್ನೊಂದು ಬಗೆ, ಜನರ ನಡುವೆ ನಿಂತಿದ್ದ ಅಭಿಮಾನಿಗಳದ್ದು: ಒಂದು ಜೊತೆ ಮೈಕು, ಒಂದು ಟೇಪ್ ಡೆಕ್ಕು, ಜೇಬಿನಲ್ಲಿ ಬ್ಯಾಟರಿ. ಇವರಿಗೆ ಯಾರೂ ಸಂಬಳ ಕೊಟ್ಟಿರಲಿಲ್ಲ, ಯಾರೂ ಕರೆದೂ ಇರಲಿಲ್ಲ. ಹಾಡು ನಡೆಯುವಾಗ ಇವರು ಕುಣಿಯುವ ಹಾಗಿಲ್ಲ, ಕೂಗುವ ಹಾಗಿಲ್ಲ, ಪಕ್ಕದವರೊಡನೆ ಮಾತಾಡುವ ಹಾಗೂ ಇಲ್ಲ. ತಮ್ಮ ಪಾಲಿನ ಸಂಭ್ರಮವನ್ನು ಬಿಟ್ಟುಕೊಟ್ಟು, ಅಂದು ಅಲ್ಲಿಗೆ ಬರಲಾಗದ ಯಾರೋ ಗುರುತಿಲ್ಲದವರಿಗಾಗಿ ಕೈಕಟ್ಟಿ ನಿಂತವರು ಇವರು.

ಇವತ್ತು ಮೆಚ್ಚಿದ ಹಾಡಿನ ಕೊಂಡಿಯನ್ನು ಗೆಳೆಯರಿಗೆ ಕಳಿಸುವುದು ಬೆರಳು ತುದಿಯ ಕೆಲಸ. ಆದರೆ ಅಂತರ್ಜಾಲದಲ್ಲಿ ಸಂಗೀತ ಹಂಚುವ ರೀತಿನೀತಿಯನ್ನು ಮೊದಲು ರೂಪಿಸಿದ್ದು ಯಾವ ಕಂಪನಿಯೂ ಅಲ್ಲ ಎನ್ನುವುದು ನನ್ನ ಗಟ್ಟಿ ನಂಬಿಕೆ. ಅದನ್ನು ರೂಪಿಸಿದವರು ಕ್ಯಾಸೆಟ್ಟು, ಲಕೋಟೆ, ಸ್ಟಾಂಪು ಹಿಡಿದು ವರ್ಷಾನುಗಟ್ಟಲೆ ದುಡಿದ ಈ ಕೇಳುಗರು. ಆ ಕಥೆಯನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು.

ಕಛೇರಿಗೆ ಯಂತ್ರ ಹೊತ್ತು ಹೋಗುವ ಗೀಳು ರಾಕ್ ಸಂಗೀತಕ್ಕಿಂತ ಹಳೆಯದು. 1941ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಜೆರ್ರಿ ನ್ಯೂಮನ್ ತನ್ನ ತಟ್ಟೆ ಕೊರೆಯುವ ಯಂತ್ರವನ್ನು ಹಾರ್ಲೆಮ್‌ನ ಮಿಂಟನ್ಸ್ ಪ್ಲೇಹೌಸ್‌ಗೆ ಒಯ್ದ. ಹೊಸ ಬಗೆಯ ಜಾಜ್ ಹುಟ್ಟುತ್ತಿದ್ದ ಜಾಗ ಅದು. ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ ನಡುರಾತ್ರಿ ದಾಟಿದ ಮೇಲೆ ಮನಸ್ಸು ಬಿಚ್ಚಿ ನುಡಿಸಿದ್ದು ನಮಗೆ ಕೇಳಸಿಗುವುದು ಆ ಹುಡುಗನಿಂದ. ಮರುವರ್ಷ ಅಮೆರಿಕದ ಸಂಗೀತಗಾರರ ಸಂಘ ಧ್ವನಿಮುದ್ರಣಕ್ಕೇ ಬಹಿಷ್ಕಾರ ಹಾಕಿತು. ಎರಡು ವರ್ಷ ಸ್ಟುಡಿಯೋಗಳು ಹೆಚ್ಚುಕಡಿಮೆ ಮೌನವಾಗಿದ್ದವು. ಬೀಬಾಪ್ ಎಂಬ ಜಾಜ್‌ನ ಹೊಸ ನುಡಿಗಟ್ಟು ಬೆಳೆದದ್ದು ಆ ಮೌನದಲ್ಲೇ. ಚಾರ್ಲಿ ಕ್ರಿಶ್ಚಿಯನ್ ಅಷ್ಟರಲ್ಲಿ, 25ರ ವಯಸ್ಸಿನಲ್ಲಿ, ಕ್ಷಯದಿಂದ ತೀರಿಹೋಗಿದ್ದ.

ನ್ಯೂಮನ್‌ಗಿಂತ ತೀವ್ರ ಗೀಳು ಡೀನ್ ಬೆನೆಡೆಟ್ಟಿ ಎಂಬ ಸ್ಯಾಕ್ಸೊಫೋನ್ ವಾದಕನದ್ದು. 1947ರ ಮಾರ್ಚ್‌ನಲ್ಲಿ ಲಾಸ್ ಏಂಜಲೀಸ್‌ನ ಹೈ-ಡಿ-ಹೋ ಕ್ಲಬ್ಬಿನಲ್ಲಿ ಬೀಬಾಪ್‌ನ ಸ್ಯಾಕ್ಸೊಫೋನ್ ದಿಗ್ಗಜ ಚಾರ್ಲಿ ಪಾರ್ಕರ್ ನುಡಿಸುವಾಗ ಈತ ರಾತ್ರಿಯ ಮೇಲೆ ರಾತ್ರಿ ಯಂತ್ರ ಇಟ್ಟುಕೊಂಡು ಕೂತ. ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಕೆಲವೇ ನಿಮಿಷ. ಹಾಗಾಗಿ ಪಾರ್ಕರ್ ಸರದಿ ಬಂದಾಗ ಮುಳ್ಳು ಇಳಿಸುವುದು, ಬೇರೆಯವರ ಸರದಿ ಬಂದಾಗ ಮುಳ್ಳು ಎತ್ತುವುದು. ಮುಂದೆ ನ್ಯೂಯಾರ್ಕ್‌ನಲ್ಲೂ ಹೀಗೇ ಮಾಡಿದ. 1957ರಲ್ಲಿ ಬೆನೆಡೆಟ್ಟಿ ಇಟಲಿಯಲ್ಲಿ ತೀರಿಕೊಂಡ. ಅವನ ತಟ್ಟೆಗಳು, ಟೇಪುಗಳು ಎಲ್ಲಿಗೆ ಹೋದವೆಂದು ಜಾಜ್ ಲೋಕ ದಶಕಗಳ ಕಾಲ ದಂತಕಥೆಯಂತೆ ಮಾತಾಡಿಕೊಂಡಿತು. ಕೊನೆಗೆ ಅವು ಅವನ ಸೋದರನ ಬಳಿ ಸಿಕ್ಕು, 1990ರಲ್ಲಿ ಮೊಸಾಯಿಕ್ ಸಂಸ್ಥೆ ಏಳು ಸೀಡಿಗಳಲ್ಲಿ ಹೊರತಂದಿತು. ಕೇಳಲು ಕೂತರೆ ಪಾರ್ಕರ್ ನಡುಮಾತಿನಲ್ಲಿ ಶುರುವಾಗುತ್ತಾನೆ, ನಡುಮಾತಿನಲ್ಲಿ ನಿಲ್ಲುತ್ತಾನೆ. ಆದರೂ ಆ ತುಣುಕುಗಳಲ್ಲಿ ಅವನ ಉಸಿರು ಇದೆ. ಬೆನೆಡೆಟ್ಟಿಯ ಬದುಕಿನ ಒಂದೇ ಕೊರತೆಯೆಂದರೆ, ಅವನಿಗೆ ಹಂಚಿಕೊಳ್ಳುವ ಬಳಗವಿರಲಿಲ್ಲ. ಅವನು ಕೂಡಿಟ್ಟದ್ದು ಪೆಟ್ಟಿಗೆಯಲ್ಲೇ 40 ವರ್ಷ ಮಲಗಿತು.

ಬಳಗ ಹುಟ್ಟಿದ್ದು ಗ್ರೇಟ್‌ಫುಲ್ ಡೆಡ್ ಸುತ್ತ. 1965ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಪಾಲೋ ಆಲ್ಟೋದಲ್ಲಿ ಕೂಡಿದ ತಂಡ ಇದು. ಗಿಟಾರ್‌ಗೆ ಜೆರ್ರಿ ಗಾರ್ಸಿಯಾ ಮತ್ತು ಬಾಬ್ ವೇರ್, ಬಾಸ್‌ಗೆ ಫಿಲ್ ಲೆಶ್, ಡ್ರಮ್ಸ್‌ಗೆ ಬಿಲ್ ಕ್ರಾಯ್ಟ್ಸ್‌ಮನ್, 1967ರಿಂದ ಅವರ ಜೊತೆಗೆ ಮಿಕಿ ಹಾರ್ಟ್. ನುಡಿಸುತ್ತಿದ್ದದ್ದು ರಾಕ್ ಆದರೂ ಅವರ ಕಿವಿ ನೆಟ್ಟಿದ್ದು ಜಾಜ್ ಮೇಲೆ. ಜಾನ್ ಕೊಲ್ಟ್ರೇನ್ ತಂಡದ ಪಿಯಾನೊ ವಾದಕ ಮೆಕಾಯ್ ಟೈನರ್ ನುಡಿಸುವ ಬಗೆಯನ್ನು ಬಾಬ್ ವೇರ್ ತನ್ನ ಗಿಟಾರ್‌ಗೆ ಇಳಿಸಿಕೊಂಡಿದ್ದರು. 1970ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಫಿಲ್‌ಮೋರ್ ವೆಸ್ಟ್‌ನಲ್ಲಿ ಇವರ ಕಛೇರಿಗೆ ಮುನ್ನ ನುಡಿಸಿದವರು ಸಾಕ್ಷಾತ್ ಮೈಲ್ಸ್ ಡೇವಿಸ್. ಅದನ್ನು ಕೇಳಿದ ಮೇಲೆ ವೇದಿಕೆ ಹತ್ತುವುದೇ ಕಷ್ಟವಾಯಿತೆಂದು ಫಿಲ್ ಲೆಶ್ ಮುಂದೆ ಬರೆದುಕೊಂಡಿದ್ದಾರೆ. ವರ್ಷಗಳಾದ ಮೇಲೆ ಬ್ರ್ಯಾನ್‌ಫೋರ್ಡ್ ಮಾರ್ಸಾಲಿಸ್, ಆರ್ನೆಟ್ ಕೋಲ್ಮನ್‌ರಂಥ ಜಾಜ್ ದಿಗ್ಗಜರು ಇವರ ಜೊತೆ ಕೂತು ನುಡಿಸಿದರು.

ನಮ್ಮ ತಾಳವೂ ಅದರಲ್ಲಿ ಬೆರೆತಿದೆ. ಮಿಕಿ ಹಾರ್ಟ್ ತಬಲಾ ಮಾಂತ್ರಿಕ ಅಲ್ಲಾ ರಖಾ ಅವರ ಬಳಿ ಲಯದ ಲೆಕ್ಕ ಕಲಿತವರು. 11 ಮಾತ್ರೆಯ ಒಂದು ಕೃತಿಗೆ ಈ ತಂಡ ‘ದಿ ಇಲೆವೆನ್’ ಎಂದೇ ಹೆಸರಿಟ್ಟಿತು. ಅಲ್ಲಾ ರಖಾ ಅವರ ಮಗ ಜಾಕಿರ್ ಹುಸೇನ್ ಮತ್ತು ಘಟಂ ವಿದ್ವಾಂಸ ವಿಕ್ಕು ವಿನಾಯಕರಾಂ ಅವರೊಡನೆ ಹಾರ್ಟ್ ಮಾಡಿದ ‘ಪ್ಲ್ಯಾನೆಟ್ ಡ್ರಮ್’ಗೆ 1992ರಲ್ಲಿ ಗ್ರ್ಯಾಮಿ ಬಂತು.

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣವಿದೆ. ಈ ತಂಡದ ಎರಡು ರಾತ್ರಿಗಳು ಒಂದೇ ಥರ ಇರುತ್ತಿರಲಿಲ್ಲ. ಯಾವ ಹಾಡು ಮೊದಲು, ಯಾವುದು ಯಾವುದರೊಳಗೆ ಕರಗಿ ಹೋಗುತ್ತದೆ, ಐದು ನಿಮಿಷದ ಹಾಡು ಇಂದು 25 ನಿಮಿಷ ಬೆಳೆಯುತ್ತದೋ ಏನೋ, ನುಡಿಸುವವರಿಗೇ ಗೊತ್ತಿರುತ್ತಿರಲಿಲ್ಲ. ಒಬ್ಬ ಗಾಯಕರ ಒಂದು ಯಮನ್ ಇನ್ನೊಂದು ಯಮನ್ ಆಗುವುದಿಲ್ಲ ಎಂದು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಖಾಸಗಿ ಬೈಠಕ್ಕುಗಳ ಟೇಪನ್ನು ರಸಿಕರು ಬಂಗಾರದಂತೆ ಕಾಪಾಡಿ, ನಂಬಿಕೆಯವರಿಗೆ ಮಾತ್ರ ತುಂಬಿಸಿಕೊಡುತ್ತಿದ್ದದ್ದು ನಮ್ಮಲ್ಲೂ ಉಂಟಲ್ಲ. ಅಂಗಡಿಯಲ್ಲಿ ಸಿಗುವ ಎಲ್‌ಪಿ ಆ ಹಸಿವನ್ನು ನೀಗಿಸುವುದಿಲ್ಲ. ಡೆಡ್ ತಂಡ 30 ವರ್ಷಗಳಲ್ಲಿ 2,300ರಷ್ಟು ಕಛೇರಿ ಕೊಟ್ಟಿತು. ಅಭಿಮಾನಿಗೆ ಬೇಕಾಗಿದ್ದದ್ದು ಆ ರಾತ್ರಿಗಳು.

ಮೊದಮೊದಲು ಈ ಕೆಲಸ ಕಳ್ಳತನದಲ್ಲೇ ನಡೆಯಿತು. ಡೆಕ್ಕನ್ನು ಚೀಲದ ತಳದಲ್ಲಿ, ಮೈಕನ್ನು ಅಂಗಿಯ ಒಳಗೆ, ತಂತಿಯನ್ನು ಗೆಳೆಯನ ಜೇಬಿನಲ್ಲಿ ಇಟ್ಟು ಒಳಗೆ ಸಾಗಿಸುತ್ತಿದ್ದರು. ಸಿಕ್ಕಿಬಿದ್ದರೆ ಕಾವಲಿನವರು ಟೇಪು ಕಸಿದುಕೊಳ್ಳುತ್ತಿದ್ದದ್ದೂ ಉಂಟು. 1971ರಲ್ಲಿ ನ್ಯೂಯಾರ್ಕ್‌ನ ಲೆಸ್ ಕಿಪಲ್ ಎಂಬ ಅಭಿಮಾನಿ ಟೇಪು ಬದಲಾಯಿಸಿಕೊಳ್ಳುವ ಒಂದು ಕೂಟ ಕಟ್ಟಿದರು. ಅದರ ಹೆಸರಿನಲ್ಲೇ ‘ಫ್ರೀ’ ಎಂಬ ಪದವಿತ್ತು, ಅಂದರೆ ಕಾಸಿನ ವ್ಯವಹಾರವಿಲ್ಲ. ನನ್ನ ಟೇಪು ನಿನಗೆ, ನಿನ್ನದು ನನಗೆ. 1974ರಲ್ಲಿ ಇದೇ ಬಳಗದಿಂದ ‘ರೆಲಿಕ್ಸ್’ ಪತ್ರಿಕೆ ಹುಟ್ಟಿತು. ಯಾರ ಬಳಿ ಯಾವ ರಾತ್ರಿಯ ಟೇಪು ಇದೆ ಎಂದು ಊರೂರಿನವರಿಗೆ ಗೊತ್ತಾಗತೊಡಗಿತು.

ದುಡ್ಡು ಮುಟ್ಟಬಾರದು ಎಂಬ ಆ ನಿಯಮದ ತೂಕವನ್ನು ಇಂದು ನಾವು ಊಹಿಸುವುದು ಕಷ್ಟ. ಅದೇ ಕಾಲಕ್ಕೆ ಬೇರೆ ತಂಡಗಳ ಕಛೇರಿಗಳನ್ನು ಕದ್ದು ಮುದ್ರಿಸಿ ಎಲ್‌ಪಿ ಮಾಡಿ ಮಾರುವ ದಂಧೆ ಜೋರಾಗಿತ್ತು. ಡೆಡ್ ಅಭಿಮಾನಿಗಳು ಅದನ್ನು ಪಾಪವೆಂದೇ ಎಣಿಸಿದರು. ಟೇಪು ಮಾರಿದವನನ್ನು ಬಳಗ ಹೊರಗಿಡುತ್ತಿತ್ತು. ಅವನ ಹೆಸರು ಪತ್ರದಿಂದ ಪತ್ರಕ್ಕೆ ಹಬ್ಬುತ್ತಿತ್ತು. ಕಾನೂನು ಬಂದು ಹೇಳುವ ಮೊದಲೇ ಕೇಳುಗರು ತಮಗೆ ತಾವೇ ಹಾಕಿಕೊಂಡ ಗೆರೆ ಇದು. ಮುಂದೆ ತಂಡ ಇವರನ್ನು ನಂಬಿದ್ದಕ್ಕೆ ಬುನಾದಿಯೂ ಇದೇ.

ಒಂದು ಕ್ಯಾಸೆಟ್ಟನ್ನು ಹತ್ತಿರದಿಂದ ನೋಡೋಣ. 90 ನಿಮಿಷದ್ದು, ಮಗ್ಗುಲಿಗೆ 45. ಕಛೇರಿ ಮೂರು ಗಂಟೆಯದಾದರೆ ಎರಡು ಕ್ಯಾಸೆಟ್ಟು ಬೇಕು, ಕೆಲವೊಮ್ಮೆ ಮೂರು. ಮುದ್ರಿಸುವವನ ಕಣ್ಣು ಸದಾ ಸುರುಳಿಯ ಮೇಲೆ, ಕಿವಿ ಹಾಡಿನ ಮೇಲೆ. 42ನೇ ನಿಮಿಷಕ್ಕೆ ಗಾರ್ಸಿಯಾ ಹೊಸದೊಂದು ಆಲಾಪ ಎತ್ತಿಕೊಂಡರೆ ಎದೆ ಢವಢವ. ಮಗ್ಗುಲು ಬದಲಿಸುವ ಆ ಮೂರು ನಾಲ್ಕು ಸೆಕೆಂಡು ಯಾವ ಸ್ವರವೂ ಕಳೆದುಹೋಗದಂತೆ, ಎರಡು ಹಾಡುಗಳ ನಡುವಿನ ಬಿಡುವಿಗೆ ಕಾಯಬೇಕು. ಎಷ್ಟೋ ಟೇಪುಗಳಲ್ಲಿ ಒಳ್ಳೆಯ ಜಾಗದಲ್ಲೇ ಟಕ್ ಎಂದು ಸದ್ದು ಕಡಿದು, ಮತ್ತೆ ಹತ್ತಿಕೊಳ್ಳುವುದು ಇದರಿಂದಲೇ.

ಡಬ್ಬಿಯೊಳಗೆ ಮಡಿಸಿಟ್ಟ ಕಾಗದದ ಕಾರ್ಡು ಇನ್ನೊಂದು ಲೋಕ. ಮೇಲೆ ತಾರೀಕು, ಊರು, ಸಭಾಂಗಣ. ಕೆಳಗೆ ಸಣ್ಣ ಅಕ್ಷರದಲ್ಲಿ ಹಾಡುಪಟ್ಟಿ. ಒಂದು ಹಾಡು ನಿಲ್ಲದೆ ಇನ್ನೊಂದರೊಳಗೆ ಹರಿದಿದ್ದರೆ ನಡುವೆ ಬಾಣದ ಗುರುತು. ಮೂಲೆಯಲ್ಲಿ ಎರಡು ಮುಖ್ಯ ವಿವರ: ಸೌಂಡ್‌ಬೋರ್ಡಿನಿಂದ, ಅಂದರೆ ತಂಡದ ಧ್ವನಿ ಮೇಜಿನಿಂದ, ತೆಗೆದದ್ದೋ ಜನರ ನಡುವಿನಿಂದ ತೆಗೆದದ್ದೋ, ಮತ್ತು ಎಷ್ಟನೆಯ ತಲೆಮಾರು. ಕ್ಯಾಸೆಟ್ಟಿಗೂ ವಂಶಾವಳಿ ಇತ್ತು. ಮೂಲ ಟೇಪಿನಿಂದ ತೆಗೆದ ನಕಲು ಮೊದಲ ತಲೆಮಾರು, ಅದರ ನಕಲು ಎರಡನೆಯದು. ಒಂದೊಂದು ತಲೆಮಾರು ಇಳಿದಂತೆ ಸುಯ್ ಎನ್ನುವ ಸದ್ದು ಹೆಚ್ಚುತ್ತ, ತಾಳದ ತಟ್ಟೆಗಳ ಮಿರುಗು ಮಾಸುತ್ತ ಹೋಗುತ್ತಿತ್ತು. ಐದಾರನೆಯ ತಲೆಮಾರಿನಲ್ಲಿ ಕಛೇರಿ ಜಡಿಮಳೆಯಾಚೆಯಿಂದ ಬಂದಂತೆ ಕೇಳುತ್ತಿತ್ತು. ನಾವು ಬೀದಿಯ ಕ್ಯಾಸೆಟ್ ಅಂಗಡಿಗೆ ಖಾಲಿ ಕ್ಯಾಸೆಟ್ಟು ಒಯ್ದು ಹಾಡು ತುಂಬಿಸಿಕೊಂಡು ಬರುತ್ತಿದ್ದ ಕಾಲದವರಿಗೆ ಆ ಸದ್ದು ಚೆನ್ನಾಗಿ ನೆನಪಿರುತ್ತದೆ.

ಟೇಪಿಲ್ಲದ ಹೊಸಬನ ಗತಿ ಏನು? ಕೊಡಲು ಕೈಯಲ್ಲಿ ಏನೂ ಇಲ್ಲದವನಿಗೆ ಕೊಡುವುದು ಹೇಗೆ? ಅದಕ್ಕೂ ಬಳಗ ದಾರಿ ಮಾಡಿತು. ಖಾಲಿ ಕ್ಯಾಸೆಟ್ಟು ಮತ್ತು ಮರುಅಂಚೆಯ ಸ್ಟಾಂಪು ಕಳಿಸಿದರೆ ಸಾಕು, ತುಂಬಿಸಿ ವಾಪಸು ಕಳಿಸುತ್ತಿದ್ದರು. ಮೂರು ಗಂಟೆಯ ಕಛೇರಿಯನ್ನು ತುಂಬಿಸಲು ಸರಿಯಾಗಿ ಮೂರು ಗಂಟೆಯೇ ಬೇಕು. ಕಂಡರಿಯದ ಹುಡುಗನೊಬ್ಬನಿಗಾಗಿ ಒಂದು ಸಂಜೆ ಕೊಡುವುದು, ಅವನು ತನ್ನ ಕೈಗೆ ಟೇಪು ಬಂದ ಮೇಲೆ ಇನ್ನೊಬ್ಬನಿಗೆ ಒಂದು ಸಂಜೆ ಕೊಡುವುದು. ಋಣ ಕೊಟ್ಟವನಿಗೇ ತೀರಿಸಬೇಕಿಲ್ಲ, ಮುಂದಿನವನಿಗೆ ತೀರಿಸಿದರೆ ಆಯಿತು.

1984ರ ಹೊತ್ತಿಗೆ ಕಛೇರಿಗಳಲ್ಲಿ ಮೈಕಿನ ಕೋಲುಗಳದ್ದೇ ಕಾಡು. ಧ್ವನಿ ತಂತ್ರಜ್ಞರ ಮೇಜಿನ ಮುಂದೆಯೇ ಅವು ಎದ್ದು ನಿಂತು ಹಿಂದಿನವರಿಗೆ ವೇದಿಕೆ ಕಾಣದಾಯಿತು, ತಂತ್ರಜ್ಞರಿಗೂ ಅಡ್ಡಿಯಾಯಿತು. ತಂಡದ ಮುಂದೆ ಎರಡು ದಾರಿ ಇದ್ದವು. ಮುದ್ರಣವನ್ನು ನಿಷೇಧಿಸಬಹುದಿತ್ತು, ಉಳಿದ ಬಹುತೇಕ ತಂಡಗಳು ಮಾಡುತ್ತಿದ್ದದ್ದು ಅದನ್ನೇ. ಇವರು ಆ ವರ್ಷದ ಅಕ್ಟೋಬರ್‌ನಲ್ಲಿ ಬರ್ಕ್‌ಲಿ ಕಮ್ಯೂನಿಟಿ ಥಿಯೇಟರ್‌ನಲ್ಲಿ, ಧ್ವನಿ ಮೇಜಿನ ಹಿಂಬದಿಗೆ, ಮುದ್ರಿಸುವವರಿಗೆಂದೇ ಒಂದು ಜಾಗ ಬಿಟ್ಟರು. ಅದಕ್ಕೆ ಬೇರೆ ಟಿಕೆಟ್ಟನ್ನೂ ಮಾಡಿದರು. ನಾವು ನುಡಿಸಿ ಮುಗಿಸಿದ ಮೇಲೆ ಅದು ಕೇಳುಗರದ್ದು ಎಂಬ ನಿಲುವು ಗಾರ್ಸಿಯಾ ಅವರದ್ದು. ರಾಕ್ ಸಂಗೀತದ ಇತಿಹಾಸದಲ್ಲಿ ಇಷ್ಟು ದೊಡ್ಡ ಮನಸ್ಸಿನ ನಿರ್ಧಾರ ಇನ್ನೊಂದನ್ನು ನಾನು ಕಾಣೆ.

ಇದರಿಂದ ತಂಡಕ್ಕೆ ನಷ್ಟವಾಯಿತೆ? ಅವರ ಹಾಡೊಂದು ಅಮೆರಿಕದ ಮೊದಲ ಹತ್ತರ ಪಟ್ಟಿಗೆ ಬಂದದ್ದು ಇಡೀ ಬದುಕಿನಲ್ಲಿ ಒಂದೇ ಸಲ, 1987ರಲ್ಲಿ. ಆದರೆ 1990ರ ದಶಕದ ಮೊದಲ ವರ್ಷಗಳಲ್ಲಿ ಕಛೇರಿಯಿಂದ ಅತಿ ಹೆಚ್ಚು ಗಳಿಸುವ ತಂಡಗಳ ಸಾಲಿನಲ್ಲಿ ಅವರಿದ್ದರು. ಅಂಚೆಯಲ್ಲಿ ಬಂದ ಒಂದು ಕ್ಯಾಸೆಟ್ಟು ಕೇಳಿ ಮರುಳಾದವನು ಮುಂದಿನ ಬೇಸಿಗೆಯಲ್ಲಿ ಟಿಕೆಟ್ಟಿಗೆ ಸಾಲು ನಿಲ್ಲುತ್ತಿದ್ದ.

ಈ ನಡುವೆ, 1985ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸಾಸಲೀಟೋದಲ್ಲಿ ಒಂದು ಸಣ್ಣ ಕೋಣೆಯಲ್ಲಿ ಕಂಪ್ಯೂಟರೊಂದು ಕೂತಿತು. ಟೆಲಿಫೋನ್ ತಂತಿಗೆ ಮೋಡೆಮ್ ಕಟ್ಟಿಕೊಂಡು ದೂರದವರು ಅದರೊಳಗೆ ಬಂದು ಬರಹದಲ್ಲಿ ಮಾತಾಡಬಹುದಿತ್ತು. ‘ವೆಲ್’ ಎಂದು ಅದರ ಹೆಸರು. ಬಾವಿ ಎಂಬ ಅರ್ಥವೂ ಅದಕ್ಕಿದೆ. ಕಟ್ಟಿದವರು ಸ್ಟೂವರ್ಟ್ ಬ್ರ್ಯಾಂಡ್ ಮತ್ತು ಲ್ಯಾರಿ ಬ್ರಿಲಿಯಂಟ್. ಈ ಬ್ರಿಲಿಯಂಟ್ ಭಾರತದ ಮಟ್ಟಿಗೆ ಅಪರಿಚಿತರಲ್ಲ. ಕೈಂಚಿಯಲ್ಲಿ ನೀಮ್ ಕರೋಲಿ ಬಾಬಾ ಅವರ ಆಶ್ರಮದಲ್ಲಿದ್ದು, ವಿಶ್ವ ಆರೋಗ್ಯ ಸಂಸ್ಥೆಯ ವೈದ್ಯರಾಗಿ ನಮ್ಮ ಹಳ್ಳಿಗಳಿಂದ ಸಿಡುಬನ್ನು ಓಡಿಸಲು ದುಡಿದವರು. ಮುಂದೆ ಕುರುಡುತನ ತಡೆಯಲು ಅವರು ಗೆಳೆಯರೊಡನೆ ಕಟ್ಟಿದ ಸೇವಾ ಫೌಂಡೇಶನ್ನಿಗೆ ಹಣ ಕೂಡಿಸಲು ಗ್ರೇಟ್‌ಫುಲ್ ಡೆಡ್ ಕಛೇರಿ ಮಾಡಿಕೊಟ್ಟಿದ್ದುಂಟು. ಲೋಕ ಎಷ್ಟು ಚಿಕ್ಕದು ಅನಿಸುತ್ತದೆ.

1986ರಲ್ಲಿ ರೇಡಿಯೋ ನಿರೂಪಕ ಡೇವಿಡ್ ಗ್ಯಾನ್ಸ್ ಮತ್ತು ಇಬ್ಬರು ಗೆಳೆಯರು ವೆಲ್‌ನೊಳಗೆ ಡೆಡ್ ಅಭಿಮಾನಿಗಳ ಒಂದು ಕಟ್ಟೆ ತೆರೆದರು. ಜನ ಹರಿದು ಬಂದರು. ಅದುವರೆಗೆ ಕಂಪ್ಯೂಟರ್ ಮುಟ್ಟದವರೂ ಈ ಒಂದು ಕಟ್ಟೆಗಾಗಿ ಮೋಡೆಮ್ ಕೊಂಡರು. ಗಂಟೆಗಿಷ್ಟು ಎಂದು ದುಡ್ಡು ಕಟ್ಟಿ ಮಾತಾಡಬೇಕಾಗಿದ್ದ ಆ ಕಾಲದಲ್ಲಿ, ವೆಲ್ ತನ್ನ ಮೊದಲ ವರ್ಷಗಳನ್ನು ದಾಟಿದ್ದೇ ಇವರ ಮಾತಿನ ಮಳಿಗೆಯಿಂದ. ಅತಿ ದೊಡ್ಡ ಆದಾಯ ಅಲ್ಲಿಂದ ಬರುತ್ತಿತ್ತು. ಅಲ್ಲಿ ಟೇಪಿಗೇ ಬೇರೆ ವಿಭಾಗ, ಪ್ರವಾಸಕ್ಕೆ ಬೇರೆ, ಟಿಕೆಟ್ಟಿಗೆ ಬೇರೆ. ನಿನ್ನೆ ರಾತ್ರಿ ಬೋಸ್ಟನ್ನಿನಲ್ಲಿ ಏನು ನುಡಿಸಿದರು ಎಂಬ ಪಟ್ಟಿ ಬೆಳಗಾಗುವುದರೊಳಗೆ ಕ್ಯಾಲಿಫೋರ್ನಿಯಾದ ಪರದೆಯ ಮೇಲೆ ಮೂಡುತ್ತಿತ್ತು. ಪತ್ರ ಬರೆದು ವಾರಗಟ್ಟಲೆ ಕಾಯುತ್ತಿದ್ದವರಿಗೆ ಇದು ಪವಾಡವೇ ಸರಿ.

ಹಾಡು ಮಾತ್ರ ಇನ್ನೂ ಅಂಚೆಯಲ್ಲೇ ಹೋಗಬೇಕಿತ್ತು. ಟೆಲಿಫೋನ್ ತಂತಿ ಅಷ್ಟು ಭಾರ ಹೊರುತ್ತಿರಲಿಲ್ಲ. ಆದರೆ ಮಾತು ವೇಗವಾದ ಮೇಲೆ ಹಂಚಿಕೆಯ ರೂಪವೂ ಬದಲಾಯಿತು. ‘ಮರ’ ಎಂಬ ಏರ್ಪಾಟು ಹುಟ್ಟಿದ್ದು ಈ ಕಾಲದಲ್ಲೇ. ಒಳ್ಳೆಯ ಟೇಪು ಇದ್ದವನು ಬೇರು. ಅವನು ಐದಾರು ಜನಕ್ಕೆ ನಕಲು ಮಾಡಿಕೊಡುತ್ತಾನೆ, ಅವರು ಕೊಂಬೆಗಳು. ಒಂದೊಂದು ಕೊಂಬೆಯೂ ಮತ್ತೆ ಐದಾರು ಜನಕ್ಕೆ. ಕೊನೆಗೆ ಎಲೆಗಳು. ಯಾರು ಯಾರಿಗೆ ಕಳಿಸಬೇಕೆಂದು ಮೊದಲೇ ಪಟ್ಟಿ ಮಾಡಿ ಹಂಚುತ್ತಿದ್ದರು. ಹೀಗೆ ನೂರಾರು ಜನಕ್ಕೆ ಮೂರು ನಾಲ್ಕು ತಲೆಮಾರಿನೊಳಗೆ ಕಛೇರಿ ಮುಟ್ಟುತ್ತಿತ್ತು. ನಡುವೆ ಒಬ್ಬ ಸೋಮಾರಿಯಾದರೆ ಅವನ ಕೆಳಗಿನವರಿಗೆಲ್ಲ ಒಣಕಲು. ಹಾಗಾಗದಂತೆ ಜನ ಮುತುವರ್ಜಿಯಿಂದ ನಡೆದುಕೊಂಡರು.

ಅದೇ 1986ರಲ್ಲಿ ಒಂದು ದುರಂತ ನಡೆಯಿತು, ಅದರಿಂದ ಒಂದು ಉಡುಗೊರೆಯೂ ಹುಟ್ಟಿತು. ಬೆಟ್ಟಿ ಕ್ಯಾಂಟರ್-ಜಾಕ್ಸನ್ ಅಷ್ಟು ಹೊತ್ತಿಗೆ ತಂಡದಿಂದ ದೂರವಾಗಿದ್ದರು. ಕೈಯಲ್ಲಿ ದುಡ್ಡಿಲ್ಲ. ಅವರ ರೀಲುಗಳಿದ್ದ ಬಾಡಿಗೆ ಗೋದಾಮಿನ ಬಾಕಿ ತೀರಿಸಲಾಗದೆ ಸಾಮಾನೆಲ್ಲ ಹರಾಜಾಯಿತು. ಕಿವಿಯನ್ನೇ ಉಪಕರಣ ಮಾಡಿಕೊಂಡು, ಇಪ್ಪತ್ತರ ಹರೆಯದಿಂದ ದುಡಿದು ಮಾಡಿದ ನೂರಾರು ರೀಲುಗಳು ಯಾರ್ಯಾರದೋ ಮನೆಗೆ ಹೋದವು. ಕೆಲವು ತೇವ ಹಿಡಿದು ಬೂಷ್ಟು ಬೆಳೆದವು. ಅದೃಷ್ಟಕ್ಕೆ ಅವುಗಳ ಬೆಲೆ ಬಲ್ಲ ಅಭಿಮಾನಿಗಳು ಕೊಂಡವರನ್ನು ಹುಡುಕಿ, ತಿಂಗಳುಗಟ್ಟಲೆ ಶ್ರಮಿಸಿ ರೀಲುಗಳನ್ನು ತಹಬಂದಿಗೆ ತಂದು, ನಕಲು ಇಳಿಸಿದರು. ಆ ಗಂಟಿನಲ್ಲೇ ಇತ್ತು 1977ರ ಮೇ 8. ಬಾರ್ಟನ್ ಹಾಲಿನ ಆ ಹಿಮದ ರಾತ್ರಿ ಗಾಜಿನಷ್ಟು ನಿಚ್ಚಳವಾಗಿ ಮರಗಳ ಮೂಲಕ ಅಮೆರಿಕದ ತುಂಬ ಹರಡಿತು. ಎಷ್ಟೋ ಜನ ಕೈಗೆ ಬಂದ ಮೊದಲ ಕ್ಯಾಸೆಟ್ಟು ಅದೇ ಎಂದು ಹೇಳಿಕೊಳ್ಳುವುದುಂಟು. ಮುದ್ರಿಸಿದ ಹೆಣ್ಣುಮಗಳಿಗೆ ಅದರಿಂದ ಕವಡೆ ಕಾಸೂ ದಕ್ಕಲಿಲ್ಲ. ಬಳಗ ಆ ರೀಲುಗಳನ್ನು ‘ಬೆಟ್ಟಿ ಬೋರ್ಡ್ಸ್’ ಎಂದು ಕರೆದು ಆಕೆಯ ಹೆಸರನ್ನು ಉಳಿಸಿತು. ಅದು ದೊಡ್ಡದೇ, ಆದರೂ ಆಕೆಗೆ ಆದ ಅನ್ಯಾಯ ಅದರಿಂದ ಅಳಿಯುವುದಿಲ್ಲ.

ವೆಲ್‌ನ ಕಟ್ಟೆಗೆ ಬಂದವರಲ್ಲಿ ಜಾನ್ ಪೆರಿ ಬಾರ್ಲೊ ಒಬ್ಬರು. ವಯೋಮಿಂಗ್‌ನಲ್ಲಿ ದನ ಸಾಕುವ ಕಸುಬು, ಬಾಬ್ ವೇರ್ ಅವರ ಬಾಲ್ಯದ ಗೆಳೆಯ, ತಂಡಕ್ಕೆ ಹಾಡು ಬರೆದುಕೊಟ್ಟವರು. ಅಲ್ಲಿ ಕಂಡ ಜನರ ನಡೆನುಡಿ ಅವರ ಬದುಕನ್ನೇ ತಿರುಗಿಸಿತು. 1990ರಲ್ಲಿ ಮಿಚ್ ಕೇಪರ್, ಜಾನ್ ಗಿಲ್ಮೋರ್ ಜೊತೆ ಸೇರಿ ಅಂತರ್ಜಾಲ ಬಳಸುವವರ ಹಕ್ಕು ಕಾಯುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಕಟ್ಟಿದರು. 1994ರಲ್ಲಿ ‘ವೈರ್ಡ್’ ಪತ್ರಿಕೆಯ ದೀರ್ಘ ಲೇಖನವೊಂದರಲ್ಲಿ ಅವರು ವಾದಿಸಿದ್ದು ಇದನ್ನೇ: ದವಸ ಹಂಚಿದರೆ ಕಣಜ ಕಡಿಮೆಯಾಗುತ್ತದೆ, ಹಾಡು ಹಂಚಿದರೆ ಅದರ ಬೆಲೆ ಏರುತ್ತದೆ. ದವಸದ ಹೋಲಿಕೆ ನನ್ನದು. ವಾದ ಅವರದು, ಸಾಕ್ಷಿ ಅವರ ತಂಡದ ಟೇಪುಗಳದ್ದು.

1995ರ ಆಗಸ್ಟ್ 9ರಂದು ಜೆರ್ರಿ ಗಾರ್ಸಿಯಾ ತೀರಿಕೊಂಡರು. ತಂಡ ಆ ಹೆಸರಿನಲ್ಲಿ ಮತ್ತೆ ನುಡಿಸಲಿಲ್ಲ. ಹೊಸ ರಾತ್ರಿಗಳು ಇನ್ನಿಲ್ಲ; ಇದ್ದದ್ದನ್ನು ಕಾಪಾಡಬೇಕಿತ್ತು.

1998ರಲ್ಲಿ ಕೆಲವು ಹುಡುಗರು ‘ಈಟ್ರೀ’ ಎಂಬ ಅಂತರ್ಜಾಲ ಬಳಗ ಕಟ್ಟಿದರು. ಹೆಸರಿನಲ್ಲೇ ಹಳೆಯ ಮರ ಇದೆ. ಟೆಲಿಫೋನ್ ತಂತಿಯ ಜಾಗಕ್ಕೆ ವಿಶ್ವವಿದ್ಯಾಲಯಗಳ ವೇಗದ ಜಾಲ ಬಂದಿತ್ತು. ಫಿಶ್ ಮೊದಲಾಗಿ, ಡೆಡ್ ಹಾದಿಯಲ್ಲೇ ನಡೆದು ಮುದ್ರಣಕ್ಕೆ ಒಪ್ಪಿಗೆ ಕೊಟ್ಟ ತಂಡಗಳ ಕಛೇರಿಗಳು ಅಲ್ಲಿ ಹಂಚಿಕೆಯಾದವು. ಆಗ ಲೋಕವೆಲ್ಲ ಎಂಪಿ3ಯ ಬೆನ್ನು ಬಿದ್ದಿತ್ತು. ಕಡತ ಚಿಕ್ಕದಾಗಲೆಂದು ಅದು ಸದ್ದಿನ ಸೂಕ್ಷ್ಮಗಳನ್ನು ಕತ್ತರಿಸಿ ಹಾಕುತ್ತದೆ. ಈಟ್ರೀ ಬಳಗ ಅದನ್ನು ಬಾಗಿಲಿನೊಳಗೇ ಬಿಟ್ಟುಕೊಳ್ಳಲಿಲ್ಲ. ಒಂದು ಕಣವೂ ನಷ್ಟವಾಗದಂತೆ ಮಡಿಸುವ ಶಾರ್ಟನ್, ಮುಂದೆ 2001ರಲ್ಲಿ ಬಂದ ಫ್ಲ್ಯಾಕ್, ಇವು ಮಾತ್ರ. ಒಂದು ಕಛೇರಿ ಇಳಿಸಿಕೊಳ್ಳಲು ರಾತ್ರಿಯಿಡೀ ಹಿಡಿದರೂ ಚಿಂತೆಯಿಲ್ಲ.

ಪ್ರತಿ ಕಡತದ ಜೊತೆಗೆ ಅಂಕೆ ಅಕ್ಷರಗಳ ಒಂದು ಸಾಲು ಬರುತ್ತಿತ್ತು, ಆ ಕಡತದ ಹೆಬ್ಬೆಟ್ಟಿನ ಗುರುತಿನಂತೆ. ಇಳಿಸಿಕೊಂಡವನು ತನ್ನ ಕಡತದಿಂದ ಅದೇ ಲೆಕ್ಕ ಹಾಕಿ ನೋಡಬೇಕು. ತಾಳೆಯಾದರೆ ಮೂಲಕ್ಕೂ ಇದಕ್ಕೂ ಕೂದಲೆಳೆಯ ಅಂತರವಿಲ್ಲ. ತಾಳೆಯಾಗದಿದ್ದರೆ ಮುಂದೆ ಹಂಚುವಂತಿಲ್ಲ. ಎಷ್ಟನೆಯ ತಲೆಮಾರು ಎಂದು ಮೂಲೆಯಲ್ಲಿ ಬರೆಯುತ್ತಿದ್ದವರ ಮಕ್ಕಳಂಥವರು ತಲೆಮಾರನ್ನೇ ಇಲ್ಲವಾಗಿಸಿದ್ದರು. ಐದನೆಯ ಕೈಯಲ್ಲಿದ್ದ ನಕಲೂ ಮೊದಲನೆಯದೇ. ಜೊತೆಗೆ ಒಂದು ಬರಹದ ಕಡತ, ಹಳೆಯ ಕಾರ್ಡಿನ ಹೊಸ ಅವತಾರ: ಯಾವ ಮೈಕು, ಎಲ್ಲಿ ನಿಂತು, ಯಾವ ಡೆಕ್ಕು, ಯಾರು ಕಂಪ್ಯೂಟರಿಗೆ ಇಳಿಸಿದ್ದು. ಕೊನೆಯಲ್ಲಿ ಮಾರಬೇಡಿ ಎಂಬ ವಿನಂತಿ.

ಈಟ್ರೀ ಹುಟ್ಟಿದ ಮರುವರ್ಷವೇ ನ್ಯಾಪ್‌ಸ್ಟರ್ ಎಂಬ ಜಾಲಸೇವೆ ಬಂತು. ಕೋಟ್ಯಂತರ ಜನ ಅಂಗಡಿಯ ಹಾಡುಗಳನ್ನೇ ಪುಕ್ಕಟೆ ಹಂಚಿಕೊಂಡರು, ಮೆಟಾಲಿಕಾ ತಂಡ ಮತ್ತು ಧ್ವನಿಮುದ್ರಣ ಕಂಪನಿಗಳು ಕೋರ್ಟಿಗೆ ಹೋದವು, 2001ರಲ್ಲಿ ಅದು ಮುಚ್ಚಿತು. ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು ಆ ಗಲಾಟೆ. ಅದರ ಪಕ್ಕದಲ್ಲೇ ಈಟ್ರೀ ಜನ ಸದ್ದಿಲ್ಲದೆ, ಕಲಾವಿದರ ಒಪ್ಪಿಗೆ ಪಡೆದು, ತಮ್ಮ ಕೆಲಸ ನಡೆಸಿದ್ದರು. ಬ್ರ್ಯಾಮ್ ಕೋಹೆನ್ 2001ರಲ್ಲಿ ಬಿಟ್‌ಟೊರೆಂಟ್ ಎಂಬ ಕಡತ ಹಂಚುವ ತಂತ್ರಾಂಶ ಬರೆದಾಗ ಅದನ್ನು ಮೊದಮೊದಲು ಅಪ್ಪಿಕೊಂಡವರಲ್ಲಿ ಇವರೂ ಇದ್ದರು. ಇಳಿಸಿಕೊಳ್ಳುತ್ತಿರುವಾಗಲೇ ನಿನ್ನ ಪಾಲಿಗೆ ಬಂದ ತುಂಡನ್ನು ಪಕ್ಕದವನಿಗೆ ಕೊಡು ಎನ್ನುವುದು ಅದರ ತಂತ್ರ. ಖಾಲಿ ಕ್ಯಾಸೆಟ್ಟು ಮತ್ತು ಸ್ಟಾಂಪಿನ ಕಾಲದಲ್ಲಿ ಕಲಿತವರಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

2002ರಲ್ಲಿ ಇಂಟರ್‌ನೆಟ್ ಆರ್ಕೈವ್ ಇವರಿಗೆ ಮನೆ ಕೊಟ್ಟಿತು. ಬ್ರೂಸ್ಟರ್ ಕೇಲ್ 1996ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆರಂಭಿಸಿದ ಸಾರ್ವಜನಿಕ ಭಂಡಾರ ಅದು. ಒಪ್ಪಿಗೆ ಕೊಟ್ಟ ತಂಡಗಳ ಕಛೇರಿಗಳು ಅಲ್ಲಿ ಉಚಿತವಾಗಿ, ಎಂದೆಂದಿಗೂ. ಇಂದು ಆ ವಿಭಾಗದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಛೇರಿಗಳಿವೆ. ಗ್ರೇಟ್‌ಫುಲ್ ಡೆಡ್ ಒಂದರದ್ದೇ ಹತ್ತು ಸಾವಿರಕ್ಕೂ ಹೆಚ್ಚು ಮುದ್ರಣಗಳಿವೆ, ಒಂದೇ ರಾತ್ರಿಯನ್ನು ಹಲವರು ಹಿಡಿದದ್ದರಿಂದ.

ನಂಬಿಕೆಗೆ ಪೆಟ್ಟು ಬಿದ್ದದ್ದು 2005ರ ನವೆಂಬರ್‌ನಲ್ಲಿ. ತಂಡದ ವ್ಯವಹಾರ ನೋಡುತ್ತಿದ್ದವರ ಮಾತಿನಂತೆ ಡೆಡ್ ಕಛೇರಿಗಳನ್ನು ಇಳಿಸಿಕೊಳ್ಳುವ ದಾರಿ ಇದ್ದಕ್ಕಿದ್ದಂತೆ ಮುಚ್ಚಿತು. ಅಭಿಮಾನಿಗಳಿಗೆ ಮನೆಯ ಬೀಗ ಬದಲಾದಂತಾಯಿತು. ಸಾವಿರಾರು ಜನ ಮನವಿಗೆ ಸಹಿ ಹಾಕಿದರು. ಈ ನಿರ್ಧಾರ ತನ್ನದಲ್ಲ ಎಂದು ಫಿಲ್ ಲೆಶ್ ಬರೆದರು. ಬಾರ್ಲೊ ಬಹಿರಂಗವಾಗಿ ವಿರೋಧಿಸಿದರು. ಕೆಲವೇ ದಿನಗಳಲ್ಲಿ ರಾಜಿಯಾಯಿತು. ಜನರ ನಡುವೆ ನಿಂತು ಹಿಡಿದ ಮುದ್ರಣಗಳನ್ನು ಮೊದಲಿನಂತೆ ಇಳಿಸಿಕೊಳ್ಳಬಹುದು. ಸೌಂಡ್‌ಬೋರ್ಡಿನವನ್ನು ಅಲ್ಲೇ ಕೇಳಬಹುದು. ಬೆವರು ಸುರಿಸಿ ಹಿಡಿದದ್ದು ಹಿಡಿದವರದ್ದೇ ಎಂದು ಒಪ್ಪಿಕೊಂಡ ಈ ತೀರ್ಮಾನದಲ್ಲಿ ನ್ಯಾಯವಿದೆ ಅನಿಸುತ್ತದೆ ನನಗೆ.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ದೇಶದ ಧ್ವನಿಸಂಪತ್ತೆಂದು ಕಾಪಾಡುವ ಮುದ್ರಣಗಳ 2011ರ ಪಟ್ಟಿಗೆ ಬಾರ್ಟನ್ ಹಾಲ್ ಕಛೇರಿಯನ್ನು ಸೇರಿಸಿತು. ಅಷ್ಟು ಹೊತ್ತಿಗೆ ಯಾವ ಕಂಪನಿಯೂ ಅದನ್ನು ಹೊರತಂದಿರಲಿಲ್ಲ. ಅದು ಬದುಕಿದ್ದದ್ದು ಕೈಯಿಂದ ಕೈಗೆ ಸಾಗಿಯೇ. ಹರಾಜಾದ ರೀಲುಗಳು ಕೊನೆಗೆ ತಂಡದ ಭಂಡಾರಕ್ಕೆ ಮರಳಿ, 40 ವರ್ಷ ತುಂಬಿದ 2017ರಲ್ಲಿ ಅಧಿಕೃತ ಆಲ್ಬಮ್ ಬಂತು. 30 ವರ್ಷಗಳಿಂದ ಮನೆಯಲ್ಲಿ ನಕಲು ಇಟ್ಟುಕೊಂಡಿದ್ದವರೇ ಅದನ್ನು ಕಾಸು ಕೊಟ್ಟು ಕೊಂಡರು.

ನಾನು ಮಾತ್ರ ಈಗಲೂ ಆರ್ಕೈವಿಗೆ ಹೋಗಿ ಜನರ ನಡುವಿನ ಮುದ್ರಣವನ್ನೇ ಹಾಕಿಕೊಳ್ಳುತ್ತೇನೆ. ಅಂದು ಅಲ್ಲಿ ಮೈಕು ಹಿಡಿದಿದ್ದವರಲ್ಲಿ ಒಬ್ಬರು ಜೆರ್ರಿ ಮೂರ್, ‘ರೆಲಿಕ್ಸ್’ನ ಮೊದಲ ಸಂಪಾದಕರು. ಬೆಟ್ಟಿಯ ಮುದ್ರಣದ ನಿಚ್ಚಳ ಅದರಲ್ಲಿಲ್ಲ. ಕಲ್ಲಿನ ಗೋಡೆಗೆ ಬಡಿದು ಮರಳುವ ಸದ್ದು ಇದೆ, ಸುತ್ತಲಿನವರ ಉಸಿರಿದೆ. ಎರಡನೆಯ ಭಾಗ ಶುರುವಾಗುವ ಮುನ್ನ ಮುಂದಿನ ಸಾಲಿನವರು ನೂಕುನುಗ್ಗಲಿನಲ್ಲಿ ವೇದಿಕೆಗೆ ಒತ್ತಿಕೊಂಡುಬಿಟ್ಟಿರುತ್ತಾರೆ. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿಯಿರಿ ಎಂದು ಬಾಬ್ ವೇರ್ ಮತ್ತೆ ಮತ್ತೆ ಕೇಳಿಕೊಳ್ಳುತ್ತಾರೆ. ಸಂಗೀತವಲ್ಲದ ಆ ಒಂದೆರಡು ನಿಮಿಷವನ್ನು ಕ್ಯಾಸೆಟ್ಟು ತುಂಬಿಸಿದವರು ಯಾರೂ ಕತ್ತರಿಸಲಿಲ್ಲ. ಅದಕ್ಕೆ ಹಾಡುಪಟ್ಟಿಯಲ್ಲಿ ಜಾಗವನ್ನೂ ಕೊಟ್ಟರು.  ಜನ ಹಿಂದೆ ಸರಿಯುತ್ತಾರೆ, ಯಾರೋ ನಗುತ್ತಾರೆ, ಗಿಟಾರ್ ತಂತಿ ಒಮ್ಮೆ ಶ್ರುತಿ ನೋಡಿಕೊಳ್ಳುತ್ತದೆ, ‘ಸ್ಕಾರ್ಲೆಟ್ ಬಿಗೋನಿಯಾಸ್’ ಶುರುವಾಗುತ್ತದೆ.